ಮನೆಗೆ ಸ್ಪ್ಲಿಟ್ ಏರ್-ಟು-ವಾಟರ್ ಹೀಟ್ ಪಂಪ್ ಹಾಕಿಸೋರು ಪದೇ ಪದೇ ಕೇಳೋ ಪ್ರಶ್ನೆಗಳು

ಏಸಿ ಫಿಟ್ಟಿಂಗ್‌ನಿಂದ ಶುರು ಮಾಡಿ ಆಮೇಲೆ ಹೀಟ್ ಪಂಪ್ ಕೆಲಸಕ್ಕೆ ಬಂದೋನು ನಾನು. ಇಲ್ಲಿ ಹೇಳ್ತಿರೋ ಹೀಟ್ ಪಂಪ್ ಅಂದ್ರೆ ಹೊರಗಿನ ಗಾಳಿಯಿಂದ ಬಿಸಿ ಎಳೆದು, ಅದರಲ್ಲಿ ನೀರು ಕಾಯಿಸಿ ಮನೆ ಬೆಚ್ಚಗಿಡೋ ಯಂತ್ರ. ಸೈಟ್ ನೋಡೋಕೆ ಹೋದಾಗ, ಫೋನಲ್ಲಿ, ಕೊನೆಗೆ ಎಲ್ಲಾ ಮುಗಿದು ಟೂಲ್ ಬಾಕ್ಸ್ ಮುಚ್ಚೋ ಹೊತ್ತಲ್ಲೂ ಜನ ಕೇಳೋದು ಹೆಚ್ಚುಕಮ್ಮಿ ಇವೇ ಪ್ರಶ್ನೆಗಳು, ಹಾಗಾಗಿ ಒಂದೇ ಕಡೆ ಬರೆದಿಡ್ತಿದೀನಿ. ಕೆಲವಕ್ಕೆ ಉತ್ತರ ಉದ್ದ ಆಗಿದೆ, ಯಾಕಂದ್ರೆ ಜನ ದುಡ್ಡು ಕಳ್ಕೊಳ್ಳೋದು ಅಲ್ಲೇ.

ಹೊರಗಡೆ ಗಾಳಿನೇ ಕೊರೀತಿರುವಾಗ ಅದರಿಂದ ಬಿಸಿ ಹೇಗೆ ತೆಗೀತೀರಿ?

ಫ್ರಿಜ್ ಹಿಂದೆ ಕೈಯಿಟ್ಟು ನೋಡಿ, ಬೆಚ್ಚಗಿರತ್ತೆ. ಒಳಗಿಟ್ಟ ಪಾತ್ರೆಯಿಂದ ಕಿತ್ತ ಬಿಸಿನೇ ಅಲ್ಲಿ ಹೊರಗೆ ಬರ್ತಿರೋದು. ಹೀಟ್ ಪಂಪಲ್ಲೂ ಅದೇ ಕಥೆ, ಪಾತ್ರೆ ಜಾಗದಲ್ಲಿ ಹೊರಗಿನ ಗಾಳಿ ಇದೆ ಅಷ್ಟೇ. ಮೈನಸ್ 10 ಡಿಗ್ರಿ ನಮಗೆ ಚಳಿ, ಆದರೆ ಯಂತ್ರದೊಳಗೆ ಸುತ್ತೋ ಆರ್-32 ಅನ್ನೋ ಗ್ಯಾಸ್‌ಗೆ ಅದೇನೂ ಅಲ್ಲ, ಮಾಮೂಲಿ ವಾತಾವರಣದ ಒತ್ತಡದಲ್ಲಿ ಅದು ಮೈನಸ್ 52 ಡಿಗ್ರಿ ಹತ್ತಿರಾನೇ ಕುದಿಯತ್ತೆ. ಹೊರಗಿನ ಕಾಯಿಲ್‌ನಲ್ಲಿ ಗಾಳಿಯಿಂದ ಬಿಸಿ ಹೀರ್ಕೊಂಡು ಆವಿಯಾಗತ್ತೆ, ಕಂಪ್ರೆಸರ್ ಅದನ್ನ ಹಿಂಡತ್ತೆ, ಹಿಂಡಿದಾಗ ಬಿಸಿ ಏರತ್ತೆ, ಸೈಕಲ್‌ಗೆ ಗಾಳಿ ಹೊಡೆದಾಗ ಪಂಪಿನ ಬುಡ ಬಿಸಿಯಾಗಲ್ವಾ ಹಾಗೆ, ಆ ಬಿಸಿ ಗ್ಯಾಸು ಮನೆಯೊಳಗಿನ ಹೀಟ್ ಎಕ್ಸ್‌ಚೇಂಜರ್‌ನಲ್ಲಿ ನೀರಿಗೆ ಬಿಸಿ ಕೊಟ್ಟು ದ್ರವ ಆಗಿ, ಒತ್ತಡ ಇಳಿಸೋ ಎಕ್ಸ್‌ಪ್ಯಾನ್ಷನ್ ವಾಲ್ವ್ ದಾಟಿ ತಣ್ಣಗಾಗಿ ಮತ್ತೆ ಅದೇ ಸುತ್ತು ಶುರು.

"ಹೊಸ ಟೆಕ್ನಾಲಜಿ, ನಾಲ್ಕು ವರ್ಷ ಬಿಟ್ಟು ನೋಡೋಣ" ಅನ್ನೋರಿಗೆ ಒಂದು ಮಾತು. ಲಾರ್ಡ್ ಕೆಲ್ವಿನ್ ಅಂತ ನಾವು ಕರೆಯೋ ವಿಲಿಯಂ ಥಾಮ್ಸನ್ 1852ರಲ್ಲೇ ಈ ವಿಚಾರ ಬರೆದಿಟ್ಟಿದ್ರು. ಜ್ಯೂರಿಕ್‌ನ ಟೌನ್ ಹಾಲ್‌ಗೆ 1938ರಲ್ಲಿ ನದಿ ನೀರಿಂದ ಬಿಸಿ ಎಳೆಯೋ ಹೀಟ್ ಪಂಪ್ ಕೂರಿಸಿದ್ರು, ಅದು 2001ರ ತನಕ ಅಲ್ಲಿತ್ತು.

ಸ್ಪ್ಲಿಟ್ ತಗೊಳ್ಳೋದಾ, ಮಾನೋಬ್ಲಾಕ್ ತಗೊಳ್ಳೋದಾ?

ಸ್ಪ್ಲಿಟ್‌ನಲ್ಲಿ ಎರಡು ಪೆಟ್ಟಿಗೆ. ಹೊರಗೆ ಕಂಪ್ರೆಸರ್, ಫ್ಯಾನ್, ಕಾಯಿಲ್. ಒಳಗೆ ಹೀಟ್ ಎಕ್ಸ್‌ಚೇಂಜರ್, ನೀರಿನ ಪಂಪ್, ಬ್ಯಾಕಪ್ ಹೀಟರ್ (ಬಿಸಿ ಸಾಲದಾಗ ನೆರವಿಗೆ ಬರೋ ಕರೆಂಟ್ ಹೀಟರ್), ಸೇಫ್ಟಿ ವಾಲ್ವ್ ಇತ್ಯಾದಿ. ಎರಡರ ಮಧ್ಯೆ ಓಡೋದು ಗ್ಯಾಸಿನ ತಾಮ್ರದ ಪೈಪು. ಮಾನೋಬ್ಲಾಕ್‌ನಲ್ಲಿ ಗ್ಯಾಸೆಲ್ಲಾ ಹೊರಗಿನ ಪೆಟ್ಟಿಗೆಯಲ್ಲೇ ಫ್ಯಾಕ್ಟರಿಯಿಂದ ಸೀಲ್ ಆಗಿ ಬರತ್ತೆ, ಮನೆಗೆ ಬರೋದು ಬರೀ ನೀರಿನ ಪೈಪು.

ಸ್ಪ್ಲಿಟ್‌ನ ದೊಡ್ಡ ಲಾಭ ಅಂದ್ರೆ ಹೊರಗೆ ನೀರೇ ಇಲ್ಲ. ರಾತ್ರಿ ಕರೆಂಟ್ ಹೋಗಿ ಹೊರಗೆ ಮೈನಸ್ 8 ಆದ್ರೂ ಒಡೆಯೋಕೆ ಅಲ್ಲಿ ಏನೂ ಇರಲ್ಲ. ಮಾನೋಬ್ಲಾಕ್‌ಗಾದ್ರೆ ನೀರು ಹೆಪ್ಪುಗಟ್ಟದ ಹಾಗೆ ಗ್ಲೈಕಾಲ್ ಅನ್ನೋ ದ್ರವ ಹಾಕ್ಬೇಕು, ಇಲ್ಲಾಂದ್ರೆ ತಣ್ಣಗಾದ್ರೆ ತಾನೇ ನೀರು ಚೆಲ್ಲೋ ಆಂಟಿಫ್ರೀಜ್ ವಾಲ್ವ್ ಹಾಕ್ಬೇಕು. ಸ್ಪ್ಲಿಟ್‌ನ ದೊಡ್ಡ ನಷ್ಟ ಅಂದ್ರೆ ಯಂತ್ರದ ಅರ್ಧ ಕೆಲಸ ನಿಮ್ಮ ಮನೆ ಗೋಡೆ ಹತ್ತಿರ ಮೊಣಕಾಲೂರಿ ಕೂತ ಫಿಟ್ಟರ್ ಕೈಲಿ ಆಗತ್ತೆ. ಅವನು ಚೆನ್ನಾಗಿ ಮಾಡಿದ್ರೆ ಚೆನ್ನ, ಅವಸರ ಮಾಡಿದ್ರೆ ಎರಡನೇ ಚಳಿಗಾಲಕ್ಕೆ ಗ್ಯಾಸ್ ಖಾಲಿ. ಹೊರಗಿನ ಯೂನಿಟ್‌ಗೂ ಒಳಗಿನ ಯೂನಿಟ್‌ಗೂ 10-15 ಮೀಟರ್ ದೂರ ಇದೆ, ಚಳಿ ಜೋರು, ಕರೆಂಟ್ ಆಗಾಗ ಹೋಗತ್ತೆ ಅಂದ್ರೆ ನಾನು ಸ್ಪ್ಲಿಟ್ ಅಂತೀನಿ. ಯೂನಿಟ್ ಗೋಡೆಗೆ ಅಂಟಿಕೊಂಡೇ ಇದೆ, ಗ್ಯಾಸ್ ಕೆಲಸ ಬಲ್ಲ ನಂಬಿಕಸ್ಥ ಜನ ಸಿಗ್ತಿಲ್ಲ ಅಂದ್ರೆ ಮಾನೋಬ್ಲಾಕ್ ತಗೊಳ್ಳಿ, ನಂಗೇನೂ ಬೇಜಾರಿಲ್ಲ.

ನಮ್ಮನೆಗೆ ಎಷ್ಟು ಕಿಲೋವ್ಯಾಟ್ ಬೇಕು? ಸ್ವಲ್ಪ ದೊಡ್ಡದೇ ಹಾಕ್ಬಿಡಿ, ಸೇಫ್ ಅಲ್ವಾ?

ಅಲ್ಲ. ಈ "ಸ್ವಲ್ಪ ದೊಡ್ಡದೇ ಇರಲಿ" ಅನ್ನೋದೇ ಹೆಚ್ಚಿನ ಮನೆಗಳ ರೋಗ. ಗ್ಯಾಸ್ ಉರಿಸಿ ನೀರು ಕಾಯಿಸೋ ಬಾಯ್ಲರ್ ಕಾಲದ ಅಭ್ಯಾಸ ಅದು, ಬಾಯ್ಲರ್ ದೊಡ್ಡದಾದ್ರೆ ಅಷ್ಟೇನೂ ತೊಂದರೆ ಇರ್ತಿರಲಿಲ್ಲ. ಹೀಟ್ ಪಂಪ್‌ನ ಇನ್ವರ್ಟರ್ ಕಂಪ್ರೆಸರ್ ವೇಗ ಏರಿಳಿಸತ್ತೆ, ಆದ್ರೆ ಒಂದು ಮಟ್ಟಕ್ಕಿಂತ ಕೆಳಗೆ ನಿಧಾನ ಆಗಲ್ಲ, ಸುಮಾರಾಗಿ ಪೂರ್ತಿ ಶಕ್ತಿಯ ಕಾಲುಭಾಗ ಇಲ್ಲ ಮೂರನೇ ಒಂದು ಭಾಗದ ಹತ್ರ ಅದರ ತಳ. ಮನೆಗೆ ಅದಕ್ಕಿಂತ ಕಮ್ಮಿ ಸಾಕು ಅನ್ನೋ ದಿನಗಳಲ್ಲಿ ಅದು ಆನ್ ಆಫ್ ಆನ್ ಆಫ್ ಅಂತ ಒದ್ದಾಡ್ತಾ ಇರತ್ತೆ. ಒಂದ್ಸಲ ಬಿಲ್ ಜಾಸ್ತಿ ಬರ್ತಿದೆ ಅಂತ ಕರೆದ್ರು, ಹೋಗಿ ಲೆಕ್ಕ ಹಾಕಿದ್ರೆ ಮನೆಗೆ ಬೇಕಾಗಿದ್ದು 7 ಕಿಲೋವ್ಯಾಟ್, ಹಾಕಿದ್ದು 16, ಗಂಟೆಗೆ ಆರು ಸಲ ಸ್ಟಾರ್ಟ್ ಆಗ್ತಿತ್ತು. ಯಂತ್ರದಲ್ಲಿ ಏನೂ ತಪ್ಪಿರಲಿಲ್ಲ ಪಾಪ.

ಲೆಕ್ಕ ಹೇಗೆ ಅಂದ್ರೆ, ಕೋಣೆ ಕೋಣೆಗೂ ಗೋಡೆ, ಕಿಟಕಿ, ಸೂರು, ನೆಲ, ಸಂದಿಯಿಂದ ನುಗ್ಗೋ ಗಾಳಿ ಎಲ್ಲಾ ಸೇರಿಸಿ ಆ ಊರಿನ ಅತಿ ಚಳಿ ದಿನಕ್ಕೆ ಎಷ್ಟು ಬಿಸಿ ಸೋರತ್ತೆ ಅಂತ ನೋಡೋದು. ಯುರೋಪಲ್ಲಿ ಇದಕ್ಕೆ ಇಎನ್ 12831 ಅನ್ನೋ ಸ್ಟ್ಯಾಂಡರ್ಡೇ ಇದೆ. 150 ಚದರ ಮೀಟರ್ ಮನೆ, ಇನ್ಸುಲೇಷನ್ ಸುಮಾರಾಗಿದ್ದು ಚದರ ಮೀಟರಿಗೆ 50 ವ್ಯಾಟ್ ಅಂತಿಟ್ಕೊಂಡ್ರೆ 7.5 ಕಿಲೋವ್ಯಾಟ್. ಅದೇ ಅಳತೆಯ ಹಳೇ ಮನೆ, ಸೂರಿಗೆ ಏನೂ ಹಾಕಿಲ್ಲ ಅಂದ್ರೆ ಎರಡು ಪಟ್ಟೂ ಆಗಬಹುದು. ಹಾಗಾಗಿ ಬರೀ ವಿಸ್ತೀರ್ಣ ಕೇಳ್ಕೊಂಡು ಫೋನಲ್ಲೇ ಮಾಡೆಲ್ ಹೇಳೋರಿಂದ ಸ್ವಲ್ಪ ದೂರ ಇರಿ.

ಇನ್ನೊಂದು ಮೋಸ ಹೋಗೋ ಜಾಗ: ಪೆಟ್ಟಿಗೆ ಮೇಲೆ 8 ಕಿಲೋವ್ಯಾಟ್ ಅಂತ ಬರೆದಿರೋದು ಸಾಮಾನ್ಯವಾಗಿ ಹೊರಗೆ 7 ಡಿಗ್ರಿ, ನೀರು 35 ಡಿಗ್ರಿ ಇದ್ದಾಗಿನ ಮಾತು. ಮೈನಸ್ 10ರಲ್ಲಿ 55 ಡಿಗ್ರಿ ನೀರು ಕೇಳಿದ್ರೆ ಅದೇ ಯಂತ್ರ 6 ಕೊಟ್ರೆ ಹೆಚ್ಚು. ಡೇಟಾ ಶೀಟ್‌ನಲ್ಲಿ ಟೇಬಲ್ ಇರತ್ತೆ, ನಿಮ್ಮ ಚಳಿ ದಿನದ ಸಾಲು ನೋಡಿ. ವರ್ಷಕ್ಕೆ ಮೂರು ನಾಲ್ಕು ದಿನದ ವಿಪರೀತ ಚಳಿಗೆ ಬ್ಯಾಕಪ್ ಹೀಟರ್ ಇದೆ, ಆ ಮೂರು ದಿನಕ್ಕೋಸ್ಕರ ಉಳಿದ ದಿನಗಳನ್ನ ಹಾಳು ಮಾಡ್ಕೋಬೇಡಿ.

ಹಳೇ ರೇಡಿಯೇಟರ್ ಇಟ್ಕೋಬಹುದಾ, ಇಲ್ಲ ನೆಲ ಒಡೆದು ಅಂಡರ್‌ಫ್ಲೋರ್ ಹಾಕ್ಲೇಬೇಕಾ?

ರೇಡಿಯೇಟರ್ ಅಂದ್ರೆ ಒಳಗೆ ಬಿಸಿ ನೀರು ಹರಿದು ಕೋಣೆ ಬೆಚ್ಚಗೆ ಮಾಡೋ ಹಲಗೆ, ಅಂಡರ್‌ಫ್ಲೋರ್ ಅಂದ್ರೆ ಅದೇ ನೀರು ನೆಲದಡಿ ಪೈಪಲ್ಲಿ ಹರಿಯೋದು. ಹಳೇದನ್ನ ಎಷ್ಟೋ ಸಲ ಇಟ್ಕೋಬಹುದು, ಆದ್ರೆ ಲೆಕ್ಕ ಹಾಕದೇ ಹೇಳಕ್ಕಾಗಲ್ಲ. ಇಡೀ ವಿಷಯದ ತಿರುಳು ಇಲ್ಲೇ ಇರೋದು ಅಂತ ನನ್ನ ಲೆಕ್ಕ, ಕಂಪನಿ ಯಾವುದು, ಆಪ್ ಇದೆಯಾ, ಕಲರ್ ಯಾವುದು ಎಲ್ಲಾ ಆಮೇಲೆ, ನೀವು ನೀರನ್ನ ಎಷ್ಟು ಬಿಸಿ ಕೇಳ್ತೀರಿ ಅನ್ನೋದರ ಮೇಲೆ ಬಿಲ್ ನಿಂತಿರತ್ತೆ. ನೀರಿನ ಟೆಂಪರೇಚರ್ ಒಂದೊಂದು ಡಿಗ್ರಿ ಇಳಿಸಿದ್ರೂ ಸುಮಾರು 2 ಪರ್ಸೆಂಟ್ ಕರೆಂಟ್ ಉಳಿಯತ್ತೆ. 55ರಿಂದ 40ಕ್ಕೆ ಇಳಿಸೋಕೆ ಆದ್ರೆ ಎಷ್ಟಾಯ್ತು ನೀವೇ ನೋಡ್ಕೊಳ್ಳಿ.

ಈಗ ರೇಡಿಯೇಟರ್ ಕಡೆ ಬನ್ನಿ. ಅದರ ಕ್ಯಾಟಲಾಗ್‌ನಲ್ಲಿ ಬರೆದಿರೋ ವ್ಯಾಟ್, ನೀರು 75ಕ್ಕೆ ಒಳಗೆ ಹೋಗಿ 65ಕ್ಕೆ ಹೊರಬಂದು ಕೋಣೆ 20 ಡಿಗ್ರಿ ಇದ್ದಾಗಿನದು. ಅದೇ ರೇಡಿಯೇಟರ್‌ಗೆ 55-45ರ ನೀರು ಕೊಟ್ರೆ ಅರ್ಧದಷ್ಟು ಬಿಸಿ ಬರತ್ತೆ, 45-40 ಕೊಟ್ರೆ ಮೂರನೇ ಒಂದು ಭಾಗಕ್ಕಿಂತ ಒಂಚೂರು ಜಾಸ್ತಿ, ಸುಮಾರು 35 ಪರ್ಸೆಂಟ್. ಕೇಳೋಕೆ ಭಯ ಆಗತ್ತೆ, ಆದ್ರೆ ಹಳೇ ಕಾಲದಲ್ಲಿ ರೇಡಿಯೇಟರ್‌ನೂ ಬೇಕಾದ್ದಕ್ಕಿಂತ ದೊಡ್ಡದೇ ಹಾಕಿರ್ತಾರೆ, ಆಮೇಲೆ ಕಿಟಕಿ ಬದಲಾಯಿಸಿರ್ತಾರೆ, ಸೂರಿಗೆ ಇನ್ಸುಲೇಷನ್ ಹಾಕಿಸಿರ್ತಾರೆ, ಹಾಗಾಗಿ ಎಷ್ಟೋ ಮನೇಲಿ ಎರಡೋ ಮೂರೋ ಕೋಣೆಯ ರೇಡಿಯೇಟರ್ ಮಾತ್ರ ದಪ್ಪದ್ದು ಹಾಕಿದ್ರೆ ಸಾಕಾಗತ್ತೆ.

ಒಂದು ಪುಕ್ಕಟೆ ಪರೀಕ್ಷೆ ಹೇಳ್ತೀನಿ. ಈಗಿನ ಬಾಯ್ಲರ್ ಇನ್ನೂ ಇರುವಾಗಲೇ ಒಂದು ಒಳ್ಳೇ ಚಳಿ ವಾರದಲ್ಲಿ ಅದರ ನೀರಿನ ಟೆಂಪರೇಚರ್ 50ಕ್ಕೆ ಇಳಿಸಿ, ಎಲ್ಲಾ ವಾಲ್ವ್ ಪೂರ್ತಿ ತೆಗೆದು, ದಿನವಿಡೀ ಓಡಿಸಿ. ಯಾವ ಕೋಣೆ ಬೆಚ್ಚಗಾಗಲ್ವೋ ಅದೇ ನಿಮ್ಮ ಬದಲಾಯಿಸೋ ಪಟ್ಟಿ. ಸ್ನಾನದ ನೀರಿನ ಸೆಟ್ಟಿಂಗ್ ಬೇರೆ, ಅದನ್ನ ಮುಟ್ಟಬೇಡಿ.

ಅಂಡರ್‌ಫ್ಲೋರ್ ಹಾಕೋಕೆ ಆಗೋ ಹಾಗಿದ್ರೆ ಅದಕ್ಕಿಂತ ಒಳ್ಳೇದಿಲ್ಲ, 30-35 ಡಿಗ್ರಿ ನೀರಲ್ಲೇ ಮನೆ ಬೆಚ್ಚಗಾಗತ್ತೆ. ನೆಲದ ಮೇಲ್ಮೈ 29 ಡಿಗ್ರಿ ದಾಟಬಾರದು ಅನ್ನೋದು ಮಾತ್ರ ನೆನಪಿರಲಿ.

ಬ್ರೋಷರ್‌ನಲ್ಲಿ ಸಿಒಪಿ 5 ಅಂತಿದೆ. ಒಂದು ಯೂನಿಟ್ ಕರೆಂಟ್‌ಗೆ ಐದು ಯೂನಿಟ್ ಬಿಸಿ ಬರತ್ತಾ?

ಬರತ್ತೆ, ಬ್ರೋಷರ್‌ನ ದಿನ. ಅಂದ್ರೆ ಹೊರಗೆ 7 ಡಿಗ್ರಿ, ನೀರು 35. ನೀವು ನೋಡಬೇಕಾಗಿರೋದು ಇಡೀ ಸೀಸನ್ನಿನ ಸರಾಸರಿ, ಎಸ್‌ಸಿಒಪಿ ಅಂತಾರೆ, ಅದೂ 55 ಡಿಗ್ರಿ ನೀರಿಗೆ ಬೇರೆ 35ಕ್ಕೆ ಬೇರೆ ಕೊಟ್ಟಿರ್ತಾರೆ.

ಔಟ್‌ಡೋರ್ ಯೂನಿಟ್ ಎಲ್ಲಿ ಕೂರಿಸಬೇಕು?

ಗಾಳಿ ಧಾರಾಳ ಆಡೋ ಕಡೆ. ಹಿಂದೆ ಕಮ್ಮಿ ಅಂದ್ರೂ 30 ಸೆಂಟಿಮೀಟರ್, ಮುಂದೆ ಒಂದು ಒಂದೂವರೆ ಮೀಟರ್ ಖಾಲಿ, ನಿಖರವಾಗಿ ಎಷ್ಟು ಅಂತ ಆ ಮಾಡೆಲ್ ಮ್ಯಾನ್ಯುಯಲ್‌ನಲ್ಲಿ ಇರತ್ತೆ. ಚೆಂದ ಕಾಣಲ್ಲ ಅಂತ ಮರದ ಪೆಟ್ಟಿಗೆ ಕಟ್ಟಿ ಮುಚ್ಚೋರಿದಾರೆ, ದಯವಿಟ್ಟು ಬೇಡ, ತಾನು ಬಿಟ್ಟ ತಣ್ಣನೆ ಗಾಳಿನೇ ಮತ್ತೆ ಒಳಗೆಳ್ಕೊಂಡು ಹೊರಗೆ 5 ಡಿಗ್ರಿ ಇದ್ರೂ ಅದಕ್ಕೆ ಸೊನ್ನೆ ಅನ್ನಿಸತ್ತೆ. ತಗ್ಗಿನ ಗುಂಡಿಯಂಥ ಜಾಗದಲ್ಲೂ ಅದೇ ಕಥೆ, ತಣ್ಣನೆ ಗಾಳಿ ಭಾರ, ಅಲ್ಲೇ ಕೂತಿರತ್ತೆ. ಹಿಮ ಬೀಳೋ ಕಡೆ ಸ್ಟ್ಯಾಂಡ್ ಮೇಲೆ ಎತ್ತರಕ್ಕೆ ಇಡಿ. ಸಮುದ್ರದ ಹತ್ತಿರ ಉಪ್ಪು ಗಾಳಿ ನೇರ ಹೊಡೆಯದ ಮೂಲೆ ನೋಡಿ, ಕಾಯಿಲ್‌ಗೆ ಕೋಟಿಂಗ್ ಇರೋ ಮಾಡೆಲ್ ಕೇಳಿ.

ನೀರು ಎಲ್ಲಿಗೆ ಹೋಗತ್ತೆ ಅಂತಾನೂ ಮೊದಲೇ ಯೋಚಿಸಿ. ಇದು ನಾನೇ ಮಾಡಿದ ತಪ್ಪು, ಹೇಳ್ಕೊಳ್ಳೋಕೆ ನಾಚಿಕೆ ಏನಿಲ್ಲ: ಶುರುವಿನ ದಿನಗಳಲ್ಲಿ ಒಂದು ಮನೇಲಿ ಡ್ರೈನ್ ಪೈಪನ್ನ ನಡೆಯೋ ದಾರಿ ಪಕ್ಕಕ್ಕೆ ಬಿಟ್ಟೆ. ರಾತ್ರಿಯಿಡೀ ಡೀಫ್ರಾಸ್ಟ್ ನೀರು, ಅಂದ್ರೆ ಕಾಯಿಲ್ ಮೇಲೆ ಕಟ್ಟಿದ ಹಿಮವನ್ನ ಯಂತ್ರ ಕರಗಿಸಿದ ನೀರು, ಹರಿದು ಬೆಳಗ್ಗೆ ಅಲ್ಲಿ ಗಾಜಿನ ಹಾಳೆ ಹಾಸಿದ ಹಾಗೆ ಐಸು. ಮನೆ ಅಜ್ಜ ಕಂಬಿ ಹಿಡ್ಕೊಂಡಿದ್ದಕ್ಕೆ ಬಚಾವಾದ್ರು. ಆವತ್ತಿಂದ ಯೂನಿಟ್ ಕೆಳಗೆ ಜಲ್ಲಿ ತುಂಬಿದ ಇಂಗುಗುಂಡಿ ತೋಡದೇ ನಾನು ಕೆಲಸ ಶುರು ಮಾಡಲ್ಲ, ಡ್ರೈನ್ ಪೈಪ್ ಬೇಕೇ ಬೇಕು ಅಂದ್ರೆ ಅದಕ್ಕೆ ಹೀಟಿಂಗ್ ಕೇಬಲ್ ಸುತ್ತಿಸ್ತೀನಿ.

ಸದ್ದು ಎಷ್ಟು ಬರತ್ತೆ? ಪಕ್ಕದ ಮನೆಯವರು ಜಗಳಕ್ಕೆ ಬರಲ್ವಾ?

ಬರಬಹುದು, ಜಾಗ ತಪ್ಪಿದ್ರೆ. ಮೊದಲು ಡೇಟಾ ಶೀಟ್‌ನ ಡೆಸಿಬೆಲ್ ಯಾವುದು ಅಂತ ನೋಡಿ. ಸೌಂಡ್ ಪವರ್ ಅಂದ್ರೆ ಯಂತ್ರ ಹೊರಡಿಸೋ ಒಟ್ಟು ಸದ್ದು, ಸೌಂಡ್ ಪ್ರೆಶರ್ ಅಂದ್ರೆ ಇಂತಿಷ್ಟು ದೂರದಲ್ಲಿ ಕಿವಿಗೆ ಬೀಳೋದು. ಒಂದು ಕಂಪನಿಯ ಪವರ್‌ಗೆ ಇನ್ನೊಂದರ ಪ್ರೆಶರ್ ಹೋಲಿಸಿ "ಇದು ಎಷ್ಟೊಂದು ಸೈಲೆಂಟ್" ಅಂತ ಖುಷಿಪಡೋರು ಬಹಳ. ಪವರ್ 60 ಡೆಸಿಬೆಲ್ ಇರೋ ಯೂನಿಟ್ ಬಯಲಲ್ಲಿ ನೆಲದ ಮೇಲಿದ್ರೆ ಒಂದು ಮೀಟರ್ ದೂರದಲ್ಲಿ ಸುಮಾರು 52, ದೂರ ಎರಡು ಪಟ್ಟಾದ ಹಾಗೆಲ್ಲಾ 6 ಕಮ್ಮಿ, ಅಂದ್ರೆ ನಾಲ್ಕು ಮೀಟರಿಗೆ 40. ಗೋಡೆಗೆ ತಾಗಿಸಿ ಇಟ್ರೆ 3 ಸೇರಿಸಿ, ಎರಡು ಗೋಡೆ ಸೇರೋ ಮೂಲೆಗೆ ತಳ್ಳಿದ್ರೆ ಇನ್ನೂ 3.

ಮಲಗೋ ಕೋಣೆ ಗೋಡೆಗೆ ಬ್ರಾಕೆಟ್ ಹೊಡೆದು ನೇತುಹಾಕಬೇಡಿ, ಅದರಲ್ಲೂ ಹಗುರ ಗೋಡೆ ಆದ್ರೆ ಇಡೀ ಗೋಡೆ ಡೋಲು ಆಗತ್ತೆ. ನೆಲದ ಮೇಲೆ ಕಾಂಕ್ರೀಟ್ ದಿಂಡು, ಮೇಲೆ ರಬ್ಬರ್ ಪ್ಯಾಡ್. ತಾಮ್ರದ ಪೈಪ್ ಗೋಡೆ ದಾಟೋ ಕಡೆನೂ ಗೋಡೆಗೆ ತಾಗದ ಹಾಗೆ ಸ್ಲೀವ್ ಹಾಕಿ, ಗುಂಯ್ ಅನ್ನೋ ಸದ್ದು ಅರ್ಧ ಅಲ್ಲಿಂದಲೇ ಒಳಗೆ ಬರೋದು.

ತಾಮ್ರದ ಪೈಪ್ ಕೆಲಸದಲ್ಲಿ ನಾವು ಏನು ಗಮನಿಸಬೇಕು? ನಮಗೆ ಏನೂ ಗೊತ್ತಾಗಲ್ಲ.

ಗೊತ್ತಾಗತ್ತೆ, ಪಕ್ಕದಲ್ಲಿ ಒಂದು ಕುರ್ಚಿ ಹಾಕ್ಕೊಂಡು ಕೂತ್ಕೊಳ್ಳಿ. ಫಿಟ್ಟರ್‌ಗೆ ಸ್ವಲ್ಪ ಕಿರಿಕಿರಿ ಆಗತ್ತೆ, ಆಗಲಿ.

ಪೈಪಿನ ಎರಡೂ ಬಾಯಿಗೆ ಕ್ಯಾಪ್ ಇರಬೇಕು, ಕತ್ತರಿಸೋ ತನಕ ತೆಗೀಬಾರದು. ಕತ್ತರಿಸೋದು ಪೈಪ್ ಕಟ್ಟರ್‌ನಲ್ಲಿ, ಹ್ಯಾಕ್ಸಾದಲ್ಲಿ ಅಲ್ಲ. ಕತ್ತರಿಸಿದ ಮೇಲೆ ಬಾಯಿ ಒಳಅಂಚಲ್ಲಿ ಚೂಪಾದ ತಾಮ್ರದ ಏಣು ಉಳಿದಿರತ್ತೆ, ಅದನ್ನ ಕೆರೆಯುವಾಗ ಪೈಪಿನ ಬಾಯಿ ಕೆಳಮುಖ ಇರಬೇಕು, ಪುಡಿ ನೆಲಕ್ಕೆ ಬೀಳಬೇಕೇ ಹೊರತು ಒಳಗೆ ಜಾರಬಾರದು. ಆಮೇಲೆ ನಟ್ ಮೊದಲು ತೂರಿಸಿ ಆಮೇಲೆ ಫ್ಲೇರ್ ಮಾಡೋದು, ನಟ್ ಮರೆತು ಫ್ಲೇರ್ ಮಾಡಿ ತಲೆ ಚಚ್ಚಿಕೊಳ್ಳದ ಫಿಟ್ಟರ್‌ನ ನಾನು ಇನ್ನೂ ನೋಡಿಲ್ಲ. ಫ್ಲೇರ್ ಅಂದ್ರೆ ಪೈಪಿನ ಬಾಯನ್ನ ತುತ್ತೂರಿ ಹಾಗೆ ಅರಳಿಸೋದು. ಮುಖ ಕನ್ನಡಿ ಹಾಗೆ ನುಣ್ಣಗಿರಬೇಕು, ಒಂದು ಗೀರು ಕಂಡ್ರೂ ಕತ್ತರಿಸಿ ಇನ್ನೊಂದು. ಅದರ ಮೇಲೆ ಕಂಪ್ರೆಸರ್ ಎಣ್ಣೆ ಒಂದೇ ಹನಿ ಬೆರಳಲ್ಲಿ ಸವರಿ, ಕೈಯಲ್ಲೇ ತಿರುಗಿಸಿ ಕೂರಿಸಿ, ಕೊನೆಗೆ ಟಾರ್ಕ್ ರೆಂಚ್. ಕಾಲು ಇಂಚಿನ ಪೈಪಿಗೆ 14ರಿಂದ 18 ನ್ಯೂಟನ್ ಮೀಟರ್, ದಪ್ಪ ಪೈಪಿಗೆ ಜಾಸ್ತಿ. ಟಕ್ ಅಂದ ಮೇಲೆ ನಿಲ್ಲಿಸಬೇಕು. "ನಂಗೆ ಕೈ ಅಳತೆ ಗೊತ್ತು ಸಾರ್" ಅಂತ ಸ್ಪ್ಯಾನರ್‌ಗೆ ಮೈಭಾರ ಹಾಕೋರು ಫ್ಲೇರ್ ಬಿರಿಯೋ ಹಾಗೆ ಮಾಡಿ ಹೋಗ್ತಾರೆ, ಸೋರೋದು ಅವರು ಹೋದ ಎಂಟು ತಿಂಗಳಿಗೆ.

ಬೆಸುಗೆ ಹಾಕೋದಿದ್ರೆ ಪೈಪೊಳಗೆ ನೈಟ್ರೋಜನ್ ಸಣ್ಣಗೆ ಹರೀತಿರಬೇಕು. ಇಲ್ಲಾಂದ್ರೆ ಒಳಗೆ ಕಪ್ಪು ಹಕ್ಕಳೆ ಕಟ್ಟತ್ತೆ, ಅದು ಕಳಚಿ ಎಕ್ಸ್‌ಪ್ಯಾನ್ಷನ್ ವಾಲ್ವ್‌ಗೆ ಸಿಕ್ಕಿಕೊಳ್ಳತ್ತೆ. ಎಲ್ಲಾ ಜೋಡಿಸಿದ ಮೇಲೆ ನೈಟ್ರೋಜನ್‌ನಲ್ಲಿ ಪ್ರೆಶರ್ ಟೆಸ್ಟ್, ಆರ್-32 ಯಂತ್ರಕ್ಕೆ ಸುಮಾರು 40 ಬಾರ್, ಒಂದು ರಾತ್ರಿ ಬಿಟ್ರೆ ನೆಮ್ಮದಿ. ಬೆಳಗ್ಗೆ ಗೇಜ್ ಒಂದು ಒಂದೂವರೆ ಬಾರ್ ಇಳಿದಿದ್ರೆ ತಕ್ಷಣ ಗಾಬರಿ ಬೇಡ, ಚಳಿಗೆ ಹತ್ತು ಡಿಗ್ರಿ ಇಳಿದ್ರೆ 40 ಬಾರ್‌ನಲ್ಲಿ ಸುಮಾರು 1.4 ಬಾರ್ ತಾನಾಗೇ ಇಳಿಯತ್ತೆ, ಬಿಸಿಲೇರಿದ ಮೇಲೆ ವಾಪಸ್ ಬಂತಾ ನೋಡಿ.

ಆಮೇಲೆ ವ್ಯಾಕ್ಯೂಮ್, ಅಂದ್ರೆ ಪೈಪೊಳಗಿನ ಗಾಳಿ, ತೇವ ಎಲ್ಲಾ ಪಂಪಲ್ಲಿ ಎಳೆದು ತೆಗೆಯೋದು. ಇಲ್ಲೇ ಜನ ಟೈಮ್ ಕದಿಯೋದು. ಹದಿನೈದು ನಿಮಿಷ ಪಂಪ್ ಓಡಿಸಿ ಸೂಜಿ ಗೇಜ್ ಸೊನ್ನೆ ಕೆಳಗೆ ಹೋಯ್ತು ಅಂದ ತಕ್ಷಣ ಮುಗೀತು ಅಂತಾರೆ. ಡಿಜಿಟಲ್ ವ್ಯಾಕ್ಯೂಮ್ ಗೇಜ್ ಹಾಕಿ 500 ಮೈಕ್ರಾನ್ (ವ್ಯಾಕ್ಯೂಮ್ ಅಳೆಯೋ ಅಳತೆ) ಕೆಳಗೆ ಇಳಿಸಬೇಕು, ಪಂಪ್ ವಾಲ್ವ್ ಮುಚ್ಚಿ ಕಾಯಬೇಕು. ಅಂಕಿ ಏರ್ತಾ ಏರ್ತಾ ಒಂದು ಕಡೆ ನಿಂತರೆ ಒಳಗೆ ತೇವ ಇದೆ, ನಿಲ್ಲದೇ ಏರ್ತಾನೇ ಇದ್ರೆ ಸೋರಿಕೆ ಇದೆ. ಕಂಪ್ರೆಸರ್ ಎಣ್ಣೆ ನೀರನ್ನ ಹೀರ್ಕೊಳ್ಳೋ ಜಾತಿ, ಒಳಗೆ ತೇವ ಉಳಿದ್ರೆ ನಿಧಾನಕ್ಕೆ ಆಸಿಡ್ ಆಗಿ ಕಂಪ್ರೆಸರ್ ವೈಂಡಿಂಗ್ ತಿಂದುಹಾಕತ್ತೆ. ಯಂತ್ರದ ಗ್ಯಾಸನ್ನೇ ಸ್ವಲ್ಪ ಬಿಟ್ಟು ಗಾಳಿ ಓಡಿಸ್ತೀನಿ ಅನ್ನೋ ಪುಣ್ಯಾತ್ಮ ಸಿಕ್ರೆ ಕೆಲಸ ನಿಲ್ಲಿಸಿ.

ಕೊನೆಗೆ ಪೈಪ್ ಉದ್ದ. ಫ್ಯಾಕ್ಟರಿಯಿಂದ ಬಂದ ಗ್ಯಾಸ್ ಇಂತಿಷ್ಟು ಮೀಟರ್‌ಗೆ ಅಂತ ಬರೆದಿರತ್ತೆ, ಅದಕ್ಕಿಂತ ಜಾಸ್ತಿ ಎಳೆದ್ರೆ ಮೀಟರಿಗೆ ಇಷ್ಟು ಗ್ರಾಂ ಅಂತ ತಕ್ಕಡಿ ಮೇಲೆ ಸಿಲಿಂಡರ್ ಇಟ್ಟು ತೂಕ ಹಾಕಿ ಸೇರಿಸಬೇಕು, ಅಂದಾಜಲ್ಲಿ ಅಲ್ಲ. ಎರಡೂ ಪೈಪಿಗೆ ಬೇರೆ ಬೇರೆಯಾಗಿ ಇನ್ಸುಲೇಷನ್, ಹೀಟಿಂಗ್‌ನಲ್ಲಿ ದಪ್ಪ ಪೈಪು 80 ಡಿಗ್ರಿ ದಾಟತ್ತೆ, ಆ ಬಿಸಿ ತಡೆಯೋ ದರ್ಜೆಯ ಇನ್ಸುಲೇಷನ್ನೇ ಬೇಕು, ಹೊರಗಡೆ ಬಿಸಿಲು ಮತ್ತೆ ಹಕ್ಕಿ ಕೊಕ್ಕಿಂದ ಕಾಪಾಡೋಕೆ ಮೇಲೆ ಟ್ರಂಕಿಂಗ್ ಅನ್ನೋ ಕವಚ.

ಆರ್-32 ಬೆಂಕಿ ಹತ್ತೋ ಗ್ಯಾಸ್ ಅಂತೆ, ಮನೆಯೊಳಗೆ ತರೋದು ಸೇಫಾ?

ಅಲ್ಪಸ್ವಲ್ಪ ಹತ್ತೋ ಗುಂಪಿಗೆ ಸೇರಿದ್ದು, ಎ2ಎಲ್ ಅಂತಾರೆ. ಒಟ್ಟು ಗ್ಯಾಸ್ 1.84 ಕಿಲೋ ಒಳಗಿದ್ರೆ ಕೋಣೆ ಇಷ್ಟೇ ದೊಡ್ಡದಿರಬೇಕು ಅನ್ನೋ ಷರತ್ತು ಸಾಮಾನ್ಯವಾಗಿ ಬರಲ್ಲ, ಮನೆಗೆ ಹಾಕೋ ಎಷ್ಟೋ ಸ್ಪ್ಲಿಟ್‌ಗಳನ್ನ ಕಂಪನಿಗಳು ಈ ಗೆರೆ ಒಳಗೇ ಇರೋ ಹಾಗೆ ಮಾಡಿರ್ತಾರೆ. ಅದಕ್ಕಿಂತ ಜಾಸ್ತಿ ಆದ್ರೆ ಇಂಡೋರ್ ಯೂನಿಟ್‌ನ ಸಣ್ಣ ಸ್ಟೋರ್ ರೂಮಲ್ಲಿ ತುರುಕೋ ಮೊದಲು ಮ್ಯಾನ್ಯುಯಲ್‌ನ ಟೇಬಲ್ ನೋಡಲೇಬೇಕು. ಉದ್ದ ಪೈಪ್ ಎಳೆದು ಗ್ಯಾಸ್ ಸೇರಿಸಿದಾಗ ಈ ಗೆರೆ ಗೊತ್ತಿಲ್ದೇ ದಾಟಿಬಿಡ್ತೀವಿ.

ಪರಿಸರದ ಲೆಕ್ಕದಲ್ಲಿ ಹಳೇ ಆರ್-410ಎ ಗ್ಯಾಸ್‌ನ ತಾಪಮಾನ ಏರಿಸೋ ಅಂಕ 2088, ಆರ್-32ದು 675, ಪ್ರೊಪೇನ್ ಅಂದ್ರೆ ಆರ್-290ದು ಬರೀ 3. ಪ್ರೊಪೇನ್ ಚೆನ್ನಾಗಿ ಹೊತ್ತಿಕೊಳ್ಳತ್ತೆ, ಅದಕ್ಕೇ ಅದು ಹೆಚ್ಚಾಗಿ ಮಾನೋಬ್ಲಾಕ್‌ನಲ್ಲಿ, ಮನೆ ಹೊರಗೇ ಉಳಿಯತ್ತೆ.

ನೀರಿನ ಕಡೆ ಏನೇನು ಬೇಕು? ಬಫರ್ ಟ್ಯಾಂಕ್ ಬೇಕೇ ಬೇಕಾ?

ಬಾಯ್ಲರ್‌ಗಿಂತ ಇಲ್ಲಿ ನೀರು ಜಾಸ್ತಿ ಹರೀಬೇಕು. ಹೋಗೋ ನೀರಿಗೂ ಬರೋ ನೀರಿಗೂ 5 ಡಿಗ್ರಿ ವ್ಯತ್ಯಾಸ ಇಟ್ಕೊಂಡ್ರೆ ಒಂದು ಕಿಲೋವ್ಯಾಟ್‌ಗೆ ಗಂಟೆಗೆ 172 ಲೀಟರ್. 8 ಕಿಲೋವ್ಯಾಟ್‌ಗೆ ನಿಮಿಷಕ್ಕೆ 23 ಲೀಟರ್ ಆಯ್ತು. ಇದನ್ನ 22 ಮಿಲಿಮೀಟರ್ ಪೈಪಲ್ಲಿ ತಳ್ಳಿದ್ರೆ ಸೆಕೆಂಡಿಗೆ 1.2 ಮೀಟರ್ ವೇಗ, ಸುಯ್ ಅನ್ನತ್ತೆ, ಪಂಪ್ ಒದ್ದಾಡತ್ತೆ. 28ರ ಪೈಪಲ್ಲಿ 0.7 ಚಿಲ್ಲರೆ, ಆರಾಮ. ಹಳೇ ಮನೆಗಳಲ್ಲಿ ಫ್ಲೋ ಎರರ್ ಬರೋದಕ್ಕೆ ಅರ್ಧ ಕಾರಣ ಈ ಸಣ್ಣ ಪೈಪು, ಉಳಿದರ್ಧ ಹಳೇ ರೇಡಿಯೇಟರ್‌ನ ಕಪ್ಪು ಕೆಸರು. ಆದ್ದರಿಂದ ಹಳೇ ಲೈನ್ ಚೆನ್ನಾಗಿ ಫ್ಲಶ್ ಮಾಡಿ, ವಾಪಸ್ ಬರೋ ಪೈಪಿಗೆ ಮ್ಯಾಗ್ನೆಟ್ ಫಿಲ್ಟರ್ ಹಾಕಿ.

ಬಫರ್ ಅಂದ್ರೆ ಹೀಟಿಂಗ್ ನೀರನ್ನ ಹೆಚ್ಚುವರಿಯಾಗಿ ತುಂಬಿಡೋ ಟ್ಯಾಂಕ್, ಅದರ ವಿಷಯದಲ್ಲಿ ನಂದು ಸ್ವಲ್ಪ ಗಟ್ಟಿ ಅಭಿಪ್ರಾಯ. ಡೀಫ್ರಾಸ್ಟ್ ಮಾಡೋಕೆ ಯಂತ್ರಕ್ಕೆ ಒಂದಷ್ಟು ಬೆಚ್ಚನೆ ನೀರು ಸಾಲ ಬೇಕು, ಆ ಕನಿಷ್ಠ ಲೀಟರ್ ಎಷ್ಟು ಅಂತ ಮ್ಯಾನ್ಯುಯಲ್‌ನಲ್ಲಿ ಇರತ್ತೆ. ಎಲ್ಲಾ ಕೋಣೆ ವಾಲ್ವ್ ತೆರೆದೇ ಇರೋ ಅಂಡರ್‌ಫ್ಲೋರ್ ಮನೇಲಿ ಅಷ್ಟು ನೀರು ನೆಲದಲ್ಲೇ ಇದೆ, ಬಫರ್ ಯಾಕೆ? ಕೋಣೆಗೊಂದು ಥರ್ಮೋಸ್ಟಾಟ್ ಹಾಕಿ ಎಲ್ಲಾ ಮುಚ್ಚಿಕೊಳ್ಳೋ ಮನೆ ಆದ್ರೆ ಬೇಕು. ಹಾಕಿದ್ರೂ ವಾಪಸ್ ಬರೋ ಲೈನಿಗೆ ಸಾಲಾಗಿ ಹಾಕಿ. ನಾಲ್ಕು ಪೈಪಿನ ಬಫರ್‌ನಲ್ಲಿ ಬಿಸಿ ನೀರು ತಣ್ಣೀರು ಕಲೆತು, ಯಂತ್ರ 45 ಮಾಡಿದ್ರೆ ರೇಡಿಯೇಟರ್‌ಗೆ 41 ತಲುಪತ್ತೆ, ಆ ನಾಲ್ಕು ಡಿಗ್ರಿಗೆ ವರ್ಷಪೂರ್ತಿ ದಂಡ ಕಟ್ತೀರಿ.

ಸ್ನಾನದ ನೀರು ಸಾಕಾಗತ್ತಾ?

ಟ್ಯಾಂಕ್ ಸರಿಯಾಗಿದ್ರೆ ಸಾಕಾಗತ್ತೆ. ಬಾಯ್ಲರ್‌ನ ಹಳೇ ಟ್ಯಾಂಕಿನ ಕಾಯಿಲ್ ಸಣ್ಣದು, ಹೀಟ್ ಪಂಪ್‌ನ ಅಷ್ಟು ಬಿಸಿ ಇಲ್ಲದ ನೀರಿಂದ ಅದು ಬಿಸಿ ದಾಟಿಸಲ್ಲ, ಅದನ್ನ ಇಟ್ಕೊಳ್ಳೋ ಆಸೆ ಬಿಡಿ. 300 ಲೀಟರ್‌ನ 10 ಡಿಗ್ರಿಯಿಂದ 50ಕ್ಕೆ ಏರಿಸೋಕೆ ಸುಮಾರು 14 ಯೂನಿಟ್ ಬಿಸಿ ಬೇಕು, ಸಿಒಪಿ 2.8 ಸಿಕ್ರೆ 5 ಯೂನಿಟ್ ಕರೆಂಟ್. ಮಧ್ಯಾಹ್ನ ಹೊರಗೆ ಬೆಚ್ಚಗಿರುವಾಗ ಟೈಮರ್ ಇಟ್ರೆ ಇನ್ನೂ ಕಮ್ಮಿ. ಲೀಜಿಯೋನೆಲ್ಲಾ ಅನ್ನೋ ಬ್ಯಾಕ್ಟೀರಿಯಾ ಉಗುರುಬೆಚ್ಚಗಿನ ನೀರಲ್ಲಿ ಬೆಳೆಯತ್ತೆ, ಅದಕ್ಕೇ ಆಗಾಗ 60 ಡಿಗ್ರಿಗೆ ಏರಿಸೋ ಪ್ರೋಗ್ರಾಂ ಇರೋದು, ಕರೆಂಟ್ ಉಳಿಸೋಕೆ ಅಂತ ಅದನ್ನ ಆಫ್ ಮಾಡ್ಬೇಡಿ.

ಔಟ್‌ಡೋರ್ ಯೂನಿಟ್‌ನಿಂದ ಹೊಗೆ ಬರ್ತಿದೆ, ಬೇಗ ಬನ್ನಿ!

ಚಳಿಗಾಲದ ಮೊದಲ ವಾರ ಇಂಥ ಫೋನ್ ಬರದೇ ಇರಲ್ಲ. ಹೊಗೆ ಅಲ್ಲ, ಹಬೆ. ಹೊರಗೆ 0ಯಿಂದ 5 ಡಿಗ್ರಿ, ಗಾಳೀಲಿ ತೇವ ಇದ್ದಾಗ ಕಾಯಿಲ್ ಮೇಲೆ ಹಿಮ ಕಟ್ಟತ್ತೆ, ಒಣ ಚಳಿಗಿಂತ ಇದೇ ಅದಕ್ಕೆ ಕಷ್ಟದ ಹವಾಮಾನ. ಆಗ ಯಂತ್ರ ಫ್ಯಾನ್ ನಿಲ್ಲಿಸಿ, ಒಳಗಿನ ವಾಲ್ವ್ ಟುಸ್ ಅಂತ ತಿರುಗಿಸಿ, ಮನೆಯ ನೀರಿಂದಲೇ ಬಿಸಿ ತಗೊಂಡು ಆ ಹಿಮ ಕರಗಿಸತ್ತೆ. ಕೆಲವು ನಿಮಿಷದ ಕೆಲಸ. ಅರ್ಧ ಗಂಟೆ ಕಳೆದ್ರೂ ಬಿಡದೇ ಕಾಯಿಲ್ ಪೂರ್ತಿ ಐಸ್ ಗೋಡೆ ಆಗಿದ್ರೆ ಆಗ ಕರೀರಿ.

ಈಗಿರೋ ವೈರಿಂಗ್ ಸಾಕಾ?

ಹೊರಗಿನ ಯೂನಿಟ್‌ಗೆ ಅದರದ್ದೇ ಬೇರೆ ಲೈನು, ಬೇರೆ ಬ್ರೇಕರ್, ಬ್ಯಾಕಪ್ ಹೀಟರ್‌ಗೆ ಇನ್ನೊಂದು. ಹೀಟರ್ 3, 6, 9 ಕಿಲೋವ್ಯಾಟ್ ಇರತ್ತೆ, ಸಿಂಗಲ್ ಫೇಸ್ ಮನೇಲಿ ಎರಡೂ ಒಟ್ಟಿಗೆ ಬಂದ್ರೆ ಮೇನ್ ಬೀಳಬಹುದು, ಮೊದಲೇ ಲೋಡ್ ಕೂಡಿಸಿ ನೋಡಿ. ಇನ್ವರ್ಟರ್ ಇರೋದ್ರಿಂದ ಯಾವ ಟೈಪ್ ಆರ್‌ಸಿಡಿ (ಕರೆಂಟ್ ಸೋರಿದ್ರೆ ಲೈನ್ ಕಡಿಯೋ ಸ್ವಿಚ್) ಅಂತ ಮ್ಯಾನ್ಯುಯಲ್ ಹೇಳತ್ತೋ ಅದೇ ಹಾಕ್ಬೇಕು, ಎಲೆಕ್ಟ್ರಿಷಿಯನ್ ಬ್ಯಾಗಲ್ಲಿ ಉಳಿದಿರೋದಲ್ಲ.

ಅಪಾರ್ಟ್‌ಮೆಂಟಲ್ಲಿ ಹಾಕಿಸಬಹುದಾ?

ತಾಂತ್ರಿಕವಾಗಿ ಆಗತ್ತೆ, ಕಷ್ಟ ಇರೋದು ಜನರ ಮಧ್ಯೆ. ಬಾಲ್ಕನಿಯಲ್ಲಿಟ್ರೆ ಮೇಲಿನ ಮನೆ ಕಿಟಕಿಗೆ ಸದ್ದು, ಕೆಳಗಿನ ಮನೆ ತಲೆ ಮೇಲೆ ನೀರು. ಟೆರೇಸ್‌ನಲ್ಲಿಟ್ರೆ ಪೈಪ್ ಉದ್ದ ಮತ್ತೆ ಎತ್ತರದ ಮಿತಿ ನೋಡ್ಬೇಕು, ಎರಡಕ್ಕೂ ಬೇರೆ ಬೇರೆ ಮಿತಿ ಇರತ್ತೆ. ಶಾಫ್ಟ್‌ನಲ್ಲಿ ಪೈಪ್ ಇಳಿಸಿದ್ರೆ ಒಂದೊಂದು ಸ್ಲಾಬ್ ದಾಟೋ ಕಡೆನೂ ಬೆಂಕಿ ತಡೆಯೋ ಸೀಲ್ ಹಾಕ್ಬೇಕು, ಮುಚ್ಚಿದ ಗೋಡೆಯೊಳಗೆ ಫ್ಲೇರ್ ಜಾಯಿಂಟ್ ಬಿಡಲೇಬಾರದು. ಅಸೋಸಿಯೇಷನ್ ಒಪ್ಪಿಗೆ ಕಾಗದದ ಮೇಲೆ ತಗೊಳ್ಳಿ, ಮೆಟ್ಟಿಲ ಮೇಲೆ ಸಿಕ್ಕಾಗ "ಪರ್ವಾಗಿಲ್ಲ ಹಾಕ್ಸಿ" ಅಂದಿದ್ದು ಆಮೇಲೆ ಯಾರಿಗೂ ನೆನಪಿರಲ್ಲ.

ಬೇಸಿಗೇಲಿ ತಂಪು ಮಾಡತ್ತಾ?

ಹೆಚ್ಚಿನವು ಮಾಡ್ತವೆ. ಕೋಣೆ 26 ಡಿಗ್ರಿ, ತೇವ 60 ಪರ್ಸೆಂಟ್ ಇದ್ರೆ 17-18 ಡಿಗ್ರಿಯ ಯಾವ ವಸ್ತು ಮೇಲಾದ್ರೂ ಇಬ್ಬನಿ ಕೂರತ್ತೆ, ಹಾಗಾಗಿ ಅಂಡರ್‌ಫ್ಲೋರ್‌ನಲ್ಲಿ ಅದಕ್ಕಿಂತ ಮೇಲೇ ಓಡಿಸಬೇಕು, ತಂಪು ಮೆಲ್ಲಗೆ ಸಿಗತ್ತೆ. ಏಸಿ ಥರ ಬೇಕು ಅಂದ್ರೆ ಡ್ರೈನ್ ಇರೋ ಫ್ಯಾನ್ ಕಾಯಿಲ್ (ತಣ್ಣೀರು ಹರಿಯೋ ಕಾಯಿಲ್ ಮೇಲೆ ಗಾಳಿ ಊದೋ ಪೆಟ್ಟಿಗೆ) ಹಾಕಿಸಿ. ರೇಡಿಯೇಟರ್‌ಗೆ ತಣ್ಣೀರು ಬಿಡೋ ಪ್ರಯೋಗ ಮಾತ್ರ ಬೇಡ.

ಕೆಲಸಕ್ಕೆ ಹೋಗುವಾಗ ಆಫ್ ಮಾಡಿ, ಸಂಜೆ ಆನ್ ಮಾಡಿದ್ರೆ ಉಳಿತಾಯ ಅಲ್ವಾ?

ಸಂಜೆ ಆರಕ್ಕೆ ತಣ್ಣಗಾದ ಮನೆಗೆ ಬಂದು ಆನ್ ಮಾಡಿದ್ರೆ ಯಂತ್ರ ಫುಲ್ ಸ್ಪೀಡಲ್ಲಿ ಓಡತ್ತೆ, ನೀರು ಜಾಸ್ತಿ ಬಿಸಿ ಮಾಡತ್ತೆ, ಸಾಲದ್ದಕ್ಕೆ ಬ್ಯಾಕಪ್ ಹೀಟರ್ ಸೇರ್ಕೊಳ್ಳತ್ತೆ, ಹಗಲು ಉಳಿಸಿದ್ದು ಅಲ್ಲೇ ಹೋಯ್ತು. ಹೊರಗಿನ ಚಳಿ ನೋಡಿ ನೀರಿನ ಬಿಸಿ ತಾನೇ ಏರಿಳಿಸೋ ಹೀಟಿಂಗ್ ಕರ್ವ್ ಅಂತ ಸೆಟ್ಟಿಂಗ್ ಇದೆ, ಅದನ್ನ ಬಳಸಿ. ವಾರಕ್ಕೊಂದ್ಸಲ ಅದನ್ನ ಒಂದೊಂದು ಡಿಗ್ರಿ ಕೆಳಗಿಳಿಸಿ, ಮನೇಲಿ ಯಾರಾದ್ರೂ "ಚಳಿ" ಅಂದ ದಿನ ಒಂದು ಡಿಗ್ರಿ ಮೇಲೇರಿಸಿ ಬಿಟ್ಬಿಡಿ. ಮೊದಲ ವರ್ಷ ಇದೊಂದು ಆಟ ಇದ್ದ ಹಾಗೆ.

ಗ್ಯಾಸ್ ಬಾಯ್ಲರ್‌ಗಿಂತ ಖರ್ಚು ಕಮ್ಮಿ ಆಗತ್ತಾ?

ನಿಮ್ಮ ಬಿಲ್ ತಗೊಳ್ಳಿ. ಕರೆಂಟ್‌ನ ಒಂದು ಯೂನಿಟ್ ರೇಟನ್ನ ಗ್ಯಾಸ್‌ನ ಒಂದು ಯೂನಿಟ್ ರೇಟಿಂದ ಭಾಗಿಸಿ, ಬಾಯ್ಲರ್ ದಕ್ಷತೆ 90 ಪರ್ಸೆಂಟ್ ಅಂದ್ರೆ 0.9ರಿಂದ ಗುಣಿಸಿ. ಕರೆಂಟ್ ಮೂರು ಪಟ್ಟು ದುಬಾರಿ ಇದ್ರೆ 2.7 ಬಂತು. ನಿಮ್ಮ ಸೀಸನ್ ಸರಾಸರಿ ಅದಕ್ಕಿಂತ ಮೇಲಿದ್ರೆ ಉಳಿತಾಯ, ಕೆಳಗಿದ್ರೆ ನಷ್ಟ. 35ರ ನೀರಲ್ಲಿ ಓಡೋ ಮನೆ ಸುಲಭವಾಗಿ ದಾಟತ್ತೆ, 55 ಕೇಳೋ ಮನೆ ಅಂಚಲ್ಲಿ ತೂಗಾಡತ್ತೆ.

ಕೆಲಸ ಮುಗೀತು ಅಂದಾಗ ಏನು ಕೇಳಿ ಇಸ್ಕೋಬೇಕು? ಆಮೇಲೆ ಸರ್ವಿಸ್?

ಬರೀ ರಿಮೋಟ್ ಇಸ್ಕೊಂಡು ಕಳಿಸಬೇಡಿ. ಪ್ರೆಶರ್ ಟೆಸ್ಟ್ ಎಷ್ಟು ಹೊತ್ತು ನಿಂತಿತ್ತು, ವ್ಯಾಕ್ಯೂಮ್ ಎಷ್ಟಕ್ಕೆ ಇಳೀತು, ಎಷ್ಟು ಗ್ರಾಂ ಗ್ಯಾಸ್ ಸೇರಿಸಿದ್ರು, ನಿಮಿಷಕ್ಕೆ ಎಷ್ಟು ಲೀಟರ್ ಹರೀತಿದೆ, ಹೋಗೋ ಬರೋ ನೀರಿನ ಟೆಂಪರೇಚರ್ ಎಷ್ಟು, ಹೀಟಿಂಗ್ ಕರ್ವ್ ಎಷ್ಟಕ್ಕಿಟ್ಟಿದ್ದಾರೆ, ಇಷ್ಟನ್ನೂ ಒಂದು ಹಾಳೇಲಿ ಬರೆಸಿ ಸಹಿ ಹಾಕಿಸಿ, ಇಂಡೋರ್ ಯೂನಿಟ್ ಮುಚ್ಚಳದ ಒಳಗೇ ಅಂಟಿಸಿ, ಮುಂದೆ ರಿಪೇರಿಗೆ ಯಾರೇ ಬಂದ್ರೂ ಮೊದಲು ಹುಡುಕೋದು ಅದನ್ನೇ. ಸಾಧ್ಯ ಆದ್ರೆ ಬೇರೆ ಕರೆಂಟ್ ಮೀಟರ್ ಮತ್ತೆ ಹೀಟ್ ಮೀಟರ್ ಹಾಕಿಸಿ. ವರ್ಷಕ್ಕೊಂದು ಸಲ ಫಿಲ್ಟರ್ ಬಿಚ್ಚಿ ತೊಳೆಯೋದು, ಕಾಯಿಲ್‌ಗೆ ಸಿಕ್ಕ ಎಲೆ ತೆಗೆಯೋದು, ನೀರಿನ ಪ್ರೆಶರ್ 1ರಿಂದ 2 ಬಾರ್ ಮಧ್ಯೆ ಇದೆಯಾ ನೋಡೋದು, ಸೇಫ್ಟಿ ವಾಲ್ವ್ ಒಂದ್ಸಲ ತಿರುಗಿಸಿ ನೋಡೋದು. ಕಾಯಿಲ್ ತೊಳೆಯೋಕೆ ಕಾರ್ ತೊಳೆಯೋ ಪ್ರೆಶರ್ ಗನ್ ಹಿಡೀಬೇಡಿ, ಅಲ್ಯುಮಿನಿಯಂ ರೆಕ್ಕೆ ಎಲ್ಲಾ ಮಲಗಿಬಿಡತ್ತೆ, ಆಮೇಲೆ ಬಾಚಣಿಗೆ ಹಿಡ್ಕೊಂಡು ಒಂದೊಂದೇ ನೆಟ್ಟಗೆ ಮಾಡ್ತಾ ಕೂರಬೇಕು, ನಾನು ಒಂದು ಇಡೀ ಭಾನುವಾರ ಹಾಗೆ ಕೂತಿದೀನಿ.